ಲಾಭದ ಪಾಲು ಯಾರ ಊರಿಗೆ?



ಉದ್ಯಮಗಳು ತಮ್ಮ ಲಾಭದ ಒಂದಂಶವನ್ನು ಸಮಾಜಕ್ಕೆ ಸಲ್ಲಿಸುವುದು ಹಿಂದೆ ಔದಾರ್ಯವೆನಿಸಿತ್ತು. ಇಂದು ಅದು ಶಾಸನ. 2013ರ ಕಂಪನಿ ಕಾಯಿದೆಯ 135ನೆಯ ಕಲಮು 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ವಿದ್ಯೆ, ಆರೋಗ್ಯ, ಗ್ರಾಮೀಣ ಕ್ರೀಡೆ ಮೊದಲಾದವುಗಳಿಗೆ ವಿನಿಯೋಗಿಸತಕ್ಕದ್ದು. ತಾವು ವ್ಯವಹರಿಸುವ ಪ್ರದೇಶಕ್ಕೆ ಆದ್ಯತೆ ನೀಡತಕ್ಕದ್ದೆಂದೂ ಅದೇ ಕಲಮು ಹೇಳುತ್ತದೆ. ನ್ಯಾಯವೆಂದೇ ತೋರುವ ಮಾತು. ಆದರೆ ದೊಡ್ಡ ಕಾರ್ಖಾನೆಗಳು ವಿರಳವಾದ ಯಾದಗಿರಿ, ಶಹಾಪುರ, ಸುರಪುರಗಳ ಪಾಲಿಗೆ ಉಳಿಯುವುದೇನು? 2011ರ ಜನಗಣತಿಯಂತೆ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯದಲ್ಲಿಯೇ ಕನಿಷ್ಠ.

ಸುಗ್ಗಿ ಮುಗಿದೊಡನೆ ನಮ್ಮ ಜನ ಗುಳೆ ಹೊರಡುತ್ತಾರೆ. ಬೆಂಗಳೂರು, ಪುಣೆ, ಮುಂಬಯಿಗಳ ಮಹಲುಗಳಿಗೆ ಕಲ್ಲು, ಗಾರೆ ಹೊತ್ತವರಲ್ಲಿ ಇವರೂ ಇದ್ದಾರೆ. ಜೊತೆಗೆ ಹೋದ ಮಕ್ಕಳ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಷ್ಟೇ ಉಳಿಯುತ್ತದೆ. ಆ ಮಹಲುಗಳಲ್ಲಿ ಕುಳಿತ ಕಂಪನಿಗಳ ವ್ಯವಹಾರದ ಪ್ರದೇಶವು ಸುರಪುರದ ತಾಂಡಾಗಳವರೆಗೂ ವಿಸ್ತರಿಸಬಾರದೇಕೆಂದು ನಾವು ಕೇಳುತ್ತೇವೆ.

ಕಾಯಿದೆಗಾಗಿ ಕಾಯದೆ ಬಂದವರೂ ಉಂಟು. ಉದ್ಯಮಿಯೊಬ್ಬರ ಸಂಪತ್ತಿನಿಂದ ನಡೆಯುವ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು, ಈ ಕಾನೂನಿಗೆ ವರ್ಷಗಳ ಮೊದಲೇ, ಸುರಪುರ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಮಗುಸ್ನೇಹಿ ಶಾಲೆಯ ಕಾರ್ಯವನ್ನು ಕೈಗೊಂಡು ಶಿಕ್ಷಕರ ಸಾಮರ್ಥ್ಯಕ್ಕೆ ಒತ್ತುಕೊಟ್ಟಿತು. (ಕೊಠಡಿ ಕಟ್ಟಿಸಿದವರಿಗೆ ನಾಮಫಲಕ ದೊರೆಯುತ್ತದೆ, ಇಂಥ ಕೆಲಸಕ್ಕೆ ಅದೂ ಇಲ್ಲ.)

ತಂದೆತಾಯಿಗಳು ಗುಳೆ ಹೋದ ತಿಂಗಳುಗಳಲ್ಲಿ ಮಕ್ಕಳು ಊರಲ್ಲಿಯೇ ಉಳಿದು ಓದಲು ಅನ್ನ, ಆಸರೆ, ಒಬ್ಬ ಪಾಲಕ: ಕಂಪನಿಗಳ ಬಾಗಿಲಿಗೆ ಹೋದಾಗ ನಾವು ಮೊದಲು ಕೇಳಬೇಕಾದುದು ಇದನ್ನೇ.