ಪರೀಕ್ಷೆಗೆ ಕೂಡದೇ ಉಳಿದ ಮಕ್ಕಳು
(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಸಂಗ್ರಹ)

 

ಪ್ರತಿಭಾವಂತ ಮಕ್ಕಳನ್ನು ಗುರುತಿಸುವ ಪರೀಕ್ಷೆಗಳ ಬಗ್ಗೆ ಮಾತನಾಡಲು ಪೂಜ್ಯರ ಅಪ್ಪಣೆಯಾಗಿದೆ. ಇಂಥ ಪರೀಕ್ಷೆ ಮುಗಿದಾಗ ನಾವು ಕೇಳುವುದು, ಯಾರು ಪಾಸಾದರು ಎಂದು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಯಾರನ್ನು ಪರೀಕ್ಷೆಗೆ ಕೂಡಿಸಿದೆವು?

ಅಮೆರಿಕದ ಫ್ಲಾರಿಡಾ ರಾಜ್ಯದ ಬ್ರೊವಾರ್ಡ್ ಜಿಲ್ಲೆಯ ಶಾಲೆಗಳಲ್ಲಿ ಶಿಕ್ಷಕರೋ ತಂದೆ-ತಾಯಿಯೋ ಹೆಸರು ಸೂಚಿಸಿದ ಮಕ್ಕಳಿಗಷ್ಟೇ ಬುದ್ಧಿಪರೀಕ್ಷೆ ನಡೆಯುತ್ತಿತ್ತು. 2005ರಲ್ಲಿ ಪದ್ಧತಿ ಬದಲಾಯಿತು. ಎರಡನೇ ತರಗತಿಯ ಎಲ್ಲ ಮಕ್ಕಳಿಗೂ ಮೊದಲು ಒಂದು ಸಣ್ಣ ಪರೀಕ್ಷೆ ಕೊಟ್ಟರು. ಅದರಲ್ಲಿ ಭಾಷೆಯ ಪ್ರಶ್ನೆಗಳಿಲ್ಲ, ಆಕೃತಿಗಳಷ್ಟೇ. ಚೆನ್ನಾಗಿ ಮಾಡಿದವರನ್ನು ಮುಂದಿನ ಪರೀಕ್ಷೆಗೆ ಕಳಿಸಿದರು. ಡೇವಿಡ್ ಕಾರ್ಡ್ ಮತ್ತು ಲಾರಾ ಜೂಲಿಯಾನೊ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಲೆಕ್ಕ ಹಾಕಿ ನೋಡಿದರು. ಬಡವರ ಮನೆಯ, ಹಿಂದುಳಿದ ಮಕ್ಕಳಲ್ಲಿ ಪ್ರತಿಭಾವಂತರೆಂದು ಗುರುತಾದವರ ಪ್ರಮಾಣ ಶೇ 180ರಷ್ಟು ಹೆಚ್ಚಿತ್ತು. ಆಯ್ಕೆಯ ಮಟ್ಟವನ್ನೇನೂ ಇಳಿಸಿರಲಿಲ್ಲ. ಆ ಮಕ್ಕಳು ಮೊದಲಿನಿಂದಲೂ ಅದೇ ತರಗತಿಯಲ್ಲಿ ಕುಳಿತಿದ್ದರು. ಅವರ ಹೆಸರನ್ನು ಯಾರೂ ಹೇಳಿರಲಿಲ್ಲ, ಅಷ್ಟೆ. ಮುಂದೆ ಹಣದ ಕೊರತೆಯಿಂದ ಆ ಪದ್ಧತಿ ನಿಂತಿತು, ಹೆಚ್ಚಳವೂ ಕರಗಿತು.

ನಮ್ಮಲ್ಲಿ ಎಂಟನೇ ತರಗತಿಯವರಿಗೆ ಎನ್‌ಎಂಎಂಎಸ್ ಪರೀಕ್ಷೆ ಇದೆ. ಸರ್ಕಾರಿ, ಅನುದಾನಿತ ಶಾಲೆಗಳ ಬಡ ಮಕ್ಕಳಿಗಾಗಿಯೇ ಇರುವ ಪರೀಕ್ಷೆ ಅದು. ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಹೊಲದ ಕೂಲಿಗೆ ಹೋಗಬೇಕಾದ ಹುಡುಗಿಯನ್ನು ಶಾಲೆಯಲ್ಲೇ ಉಳಿಸಬಲ್ಲ ಹಣ ಇದು. ಆದರೆ ಅರ್ಜಿ ತುಂಬಿಸುವವರು ಯಾರು? ಮೂವತ್ತು ವರ್ಷ ಮಾಸ್ತರಿಕೆ ಮಾಡಿದ ನಾನು ಕಂಡದ್ದು ಇಷ್ಟು: ಪಟಪಟನೆ ಉತ್ತರ ಹೇಳುವ ಮಗು, ತಂದೆ ಶಾಲೆಗೆ ಬಂದು ವಿಚಾರಿಸುವ ಮಗು ಬೇಗ ಕಣ್ಣಿಗೆ ಬೀಳುತ್ತದೆ. ಸುಗ್ಗಿಯಲ್ಲಿ ವಾರಗಟ್ಟಲೆ ಶಾಲೆ ತಪ್ಪಿಸಿಕೊಂಡು, ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂಡುವ ಮಗು ಬೀಳುವುದಿಲ್ಲ. ಆದಾಯ ಪ್ರಮಾಣಪತ್ರ ಮಾಡಿಸಲು ಒಂದು ದಿನದ ಕೂಲಿ ಬಿಡಬೇಕೆಂದು ಕೈಬಿಟ್ಟ ತಾಯಂದಿರೂ ಇದ್ದಾರೆ.

ಅಂಬಿಗರ ಚೌಡಯ್ಯ, ಮಾದಾರ ಚೆನ್ನಯ್ಯ, ಆಯ್ದಕ್ಕಿ ಲಕ್ಕಮ್ಮ ಇವರ ಅರಿವು ನಮಗೆ ದಕ್ಕಿದ್ದು ಅವರಿಗೂ ಕೂಡುವ ಎಡೆ, ನುಡಿಯುವ ಅವಕಾಶ ಸಿಕ್ಕಿದ್ದರಿಂದ. ಕರೆದು ಕೂಡಿಸದೆ ಯಾರ ಅರಿವನ್ನು ಅಳೆಯಲಾದೀತು?

ಇನ್ನೊಂದು ಎಚ್ಚರಿಕೆಯೂ ಬೇಕು. 1921ರಲ್ಲಿ ಲೂಯಿಸ್ ಟರ್ಮನ್ ಎಂಬ ಮನಃಶಾಸ್ತ್ರಜ್ಞರು ಕ್ಯಾಲಿಫೋರ್ನಿಯಾದಲ್ಲಿ ಅತಿ ಬುದ್ಧಿವಂತ ಮಕ್ಕಳನ್ನು ಆರಿಸಲು ಹೊರಟರು. ಆ ಪರೀಕ್ಷೆಯಲ್ಲಿ ಆಯ್ಕೆಯಾಗದ ಇಬ್ಬರು ಹುಡುಗರು, ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಅಲ್ವಾರೆಜ್, ಮುಂದೆ ಭೌತಶಾಸ್ತ್ರದಲ್ಲಿ ನೊಬೆಲ್ ಪಡೆದರು. ಆದ್ದರಿಂದ ಆಯ್ಕೆಯಾಗದ ಮಗುವನ್ನು ದಡ್ಡ ಎನ್ನಬೇಡಿ.

ನನ್ನ ಬಿನ್ನಹ ಇಷ್ಟೇ. ನಿಮ್ಮೂರ ಶಾಲೆಯಲ್ಲಿ ಅರ್ಹರಾದ ಒಬ್ಬ ಮಗುವೂ ಅರ್ಜಿ ತುಂಬದೆ ಉಳಿಯಬಾರದು. ಪ್ರಮಾಣಪತ್ರಕ್ಕೆ ಓಡಾಡುವ ಕೆಲಸವನ್ನು ಯುವಕರು ದಾಸೋಹವೆಂದು ವಹಿಸಿಕೊಳ್ಳಲಿ. ಮಠದ ಪ್ರಸಾದ ನಿಲಯದಲ್ಲಿ ಸಂಜೆ ಒಂದು ತಾಸು ಪಾಠ ನಡೆಯಲಿ; ನಿವೃತ್ತ ಶಿಕ್ಷಕರಾದ ನಾವು ಬರುತ್ತೇವೆ. ಪಟ್ಟಿಯನ್ನು ಈ ವಾರವೇ ಶುರು ಮಾಡೋಣ.