ಬಯಲಿನಲ್ಲಿ ಬಂದ ಬಿಳಿಗತ್ತಲು

ನೀವು ಹಿಮ ಬೀಳುವುದನ್ನು ನೋಡಿರಲಿಕ್ಕಿಲ್ಲ. ಆದರೆ ಹಿಟ್ಟಿನ ಗಿರಣಿಯೊಳಗೆ ನಿಂತಿರುತ್ತೀರಿ. ಆ ಹಿಟ್ಟಿನ ದೂಳನ್ನು ಬಿರುಗಾಳಿಯೊಂದು ಮುಖಕ್ಕೆ ಎರಚುತ್ತಿದೆ, ಚಾಚಿದ ಕೈ ನಿಮಗೇ ಕಾಣುತ್ತಿಲ್ಲ ಎಂದು ಊಹಿಸಿಕೊಳ್ಳಿ. 1888ರ ಜನವರಿ 12ರಂದು ಅಮೆರಿಕದ ನೆಬ್ರಾಸ್ಕ ಮತ್ತು ಡಕೋಟ ಬಯಲುಗಳ ಜನ ಸಿಕ್ಕಿಬಿದ್ದದ್ದು ಇಂಥದೊಂದು ಬಿಳಿಗತ್ತಲಲ್ಲಿ. (ನಮ್ಮ ಕ್ಯಾಮೆರಾಗಳಿಗೂ ಅಲ್ಲಿ ಏನೂ ಸಿಗುತ್ತಿರಲಿಲ್ಲ.)

ಅಂದು ಬೆಳಿಗ್ಗೆ ಹವೆ ಹಿತವಾಗಿತ್ತು. ರೈತರು ದನಗಳನ್ನು ಹೊರಗೆ ಬಿಟ್ಟರು. ಎಷ್ಟೋ ಮಕ್ಕಳು ದಪ್ಪ ಕೋಟು ಇಲ್ಲದೆಯೇ ಶಾಲೆಗೆ ಹೋದರು. ಅಷ್ಟರಲ್ಲಿ ಉತ್ತರದಿಂದ ಶೀತಗಾಳಿ ನುಗ್ಗಿತು. ತಣ್ಣನೆಯ ಗಾಳಿ ಹೆಚ್ಚು ಭಾರ. ಅದು ಬೆಚ್ಚನೆಯ ಗಾಳಿಯ ಅಡಿಗೆ ಬೆಣೆಯ ಹಾಗೆ ತೂರಿ ಅದನ್ನು ಮೇಲಕ್ಕೆತ್ತಿಬಿಡುತ್ತದೆ. ಚಳಿಯ ಮುನ್ಸೂಚನೆ ತಂತಿಯ ಮೂಲಕ ಹೊರಟಿತ್ತು, ನಿಜ. ಆದರೆ ಒಂಟಿ ಹೊಲಮನೆಗಳಿಗೆ ತಂತಿ ಎಲ್ಲಿತ್ತು? ರಾತ್ರಿಯ ಹೊತ್ತಿಗೆ ಎಷ್ಟೋ ಕಡೆ ಉಷ್ಣತೆ ಸೊನ್ನೆಗಿಂತ ಸುಮಾರು 30 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಿತ್ತು. ಸತ್ತವರು 235 ಮಂದಿ ಎಂದು ಅಂದಾಜು. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟ ಮಕ್ಕಳು ಬಹಳ ಮಂದಿ ಇದ್ದುದರಿಂದ ಅದಕ್ಕೆ ‘ಶಾಲಾಮಕ್ಕಳ ಹಿಮಬಿರುಗಾಳಿ’ ಎಂಬ ಹೆಸರೇ ನಿಂತಿತು.

ನೆಬ್ರಾಸ್ಕದ ಆರ್ಡ್ ಊರಿನ ಬಳಿ ಮಿನ್ನಿ ಫ್ರೀಮನ್ ಎಂಬ ಹರೆಯದ ಉಪಾಧ್ಯಾಯಿನಿಯ ಶಾಲೆ ಹುಲ್ಲುಹೆಂಟೆಯ ಕಟ್ಟಡ. ಗಾಳಿ ಅದರ ಮಾಡನ್ನೇ ಕಿತ್ತಿತು. ಆಕೆ ಮಕ್ಕಳನ್ನೆಲ್ಲ ಒಟ್ಟುಗೂಡಿಸಿಕೊಂಡು ಹೊರಟು, ಹತ್ತಿರದ ಹೊಲಮನೆಯೊಂದನ್ನು ಮುಟ್ಟಿದಳು. ಎಲ್ಲರೂ ಉಳಿದರು. ಪತ್ರಿಕೆಗಳು ಆಕೆಯನ್ನು ಹಾಡಿ ಹೊಗಳಿದವು.

ಅದೇ ಸೀಮೆಯ ಪ್ಲೇನ್‌ವ್ಯೂ ಊರಿನ ಬಳಿ ಲೋಯಿಸ್ ರಾಯ್ಸ್ ಇದ್ದಳು. ಉಳಿದಿದ್ದ ಮೂವರು ಚಿಕ್ಕ ಮಕ್ಕಳೊಂದಿಗೆ ಶಾಲೆಯಲ್ಲೇ ಕಾದಳು. ಮಧ್ಯಾಹ್ನ ಒಲೆಗೆ ಸೌದೆ ಮುಗಿಯಿತು. ಆಕೆ ತಂಗಿದ್ದ ಮನೆ ಕೂಗಳತೆಯ ದೂರ. ಕುಳಿತರೆ ಮರಗಟ್ಟುವುದು ಖಚಿತ; ಹೊರಟಳು. ದಾರಿ ತಪ್ಪಿತು. ರಾತ್ರಿಯೆಲ್ಲ ಮಕ್ಕಳನ್ನು ತಬ್ಬಿಕೊಂಡು ಬಯಲಲ್ಲೇ ಮಲಗಿದಳು. ಒಬ್ಬರ ಹಿಂದೊಬ್ಬರಂತೆ ಮೂವರೂ ತೀರಿಕೊಂಡರು. ಬೆಳಗಾದ ಮೇಲೆ ತೆವಳುತ್ತ ಮನೆಯೊಂದನ್ನು ಸೇರಿದಳು. ಹೆಪ್ಪುಗಟ್ಟಿದ ಎರಡೂ ಪಾದಗಳನ್ನು ಕತ್ತರಿಸಬೇಕಾಯಿತು.

ಇಬ್ಬರು ಮಾಡಿದ ನಿರ್ಧಾರವೂ ಒಂದೇ ಅಲ್ಲವೆ? ನೆಲೆ ನೆಲೆಯಾಗಿ ಉಳಿಯದಾಗ ಇಬ್ಬರೂ ಮಕ್ಕಳ ಕೈ ಹಿಡಿದು ಹೊರಟರು. ಒಬ್ಬಳಿಗೆ ಗೋಡೆ ಸಿಕ್ಕಿತು, ಇನ್ನೊಬ್ಬಳಿಗೆ ಸಿಗಲಿಲ್ಲ. ನನ್ನ ಮಟ್ಟಿಗೆ ರಾಯ್ಸ್ ಒಂದು ಗುಲಗಂಜಿಯಷ್ಟೂ ಕಡಿಮೆಯವಳಲ್ಲ.

ಎಟ್ಟಾ ಶಟ್ಟಕ್ ಎಂಬ ಮತ್ತೊಬ್ಬ ಉಪಾಧ್ಯಾಯಿನಿ ಹುಲ್ಲುಬಣವೆಯೊಳಗೆ ತೂರಿಕೊಂಡಳು. ಹುಲ್ಲಿನ ಸಂದುಗಳಲ್ಲಿ ಸಿಕ್ಕ ಗಾಳಿ ಮೈಕಾವನ್ನು ಹೊರಬಿಡದು. 78 ಗಂಟೆ ಹಾಗೆ ಉಳಿದಳು. ಆದರೆ ಕಾಲುಗಳನ್ನು ಕತ್ತರಿಸಿದ ಮೇಲೆ, ವಾರಗಳೊಳಗೆ ತೀರಿಕೊಂಡಳು.

ಬದುಕುಳಿದವರು 1940ರ ದಶಕದಲ್ಲಿ ಒಂದು ಸಂಘ ಕಟ್ಟಿಕೊಂಡು, ನೆನಪುಗಳನ್ನು ಕಲೆಹಾಕಿ 1947ರಲ್ಲಿ ಪುಸ್ತಕ ತಂದರು. ಫ್ರೀಮನ್ ಮಕ್ಕಳನ್ನು ಹಗ್ಗದಿಂದ ಸಾಲಾಗಿ ಕಟ್ಟಿ ನಡೆಸಿದಳೆಂಬುದು ಜನಪ್ರಿಯ ಕಥೆ. ಅವಳ ಶಿಷ್ಯರಲ್ಲೇ ಕೆಲವರು ಹಗ್ಗ ಇರಲಿಲ್ಲ ಎಂದಿದ್ದಾರೆ. ಲಿಂಕನ್ ನಗರದ ಶಾಸನಭವನದಲ್ಲಿ ಈ ಬಿರುಗಾಳಿಯದೊಂದು ಮೊಸಾಯಿಕ್ ಚಿತ್ರವಿದೆ. ಅದರಲ್ಲಿ ಹಗ್ಗ ಇದೆ.