ಟೊಮೆಟೊ ನಮ್ಮ ಸಾರಿಗೆ ಬಂದ ಹಾದಿ



ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಯಾವ ಊರಿನ ಸಂತೆಗೆ ಹೋದರೂ ಕೆಂಪು ಟೊಮೆಟೊ ರಾಶಿ ಕಣ್ಣಿಗೆ ಬೀಳುತ್ತದೆ. ಬೇಳೆಸಾರಿಗೂ ಅದು ಬೇಕು, ಸಂಜೆಯ ಖಾರ ಮಂಡಕ್ಕಿಗೂ ಬೇಕು. ಇಷ್ಟು ನಮ್ಮದಾಗಿರುವ ಈ ಹಣ್ಣಿನ ಸುಳಿವೇ ನಮ್ಮ ಹಳೆಯ ಪಾಕಗ್ರಂಥಗಳಲ್ಲಿಲ್ಲ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ ಬರೆದ. ಬದನೆಕಾಯಿಯ ಬಗೆಬಗೆಯ ಅಡುಗೆಗಳನ್ನು ಅದರಲ್ಲಿ ಹೇಳಿದ. ಬದನೆಯ ಕುಲಕ್ಕೇ ಸೇರಿದ ಟೊಮೆಟೊ ಆಗ ಸಮುದ್ರದಾಚೆಯ ಅಮೆರಿಕ ಖಂಡದಲ್ಲಿತ್ತು.

ಅಲ್ಲಿಂದ ಅದನ್ನು ಯುರೋಪಿಗೆ ತಂದವರು ಸ್ಪೇನಿನವರು. 1548ರ ಹೊತ್ತಿಗೆ ಇಟಲಿಯ ಮೆಡಿಚಿ ದೊರೆಮನೆಗೆ ಒಂದು ಬುಟ್ಟಿ ಟೊಮೆಟೊ ಬಂದ ದಾಖಲೆಯಿದೆ. ಬಂದ ಹಣ್ಣು ಒಡನೆಯೇ ಬಾಣಲೆಗೆ ಇಳಿಯಲಿಲ್ಲ. ತಣ್ಣನೆಯ ಗುಣದ್ದು, ಮೈಗೆ ಒಗ್ಗದ್ದು ಎಂದು ವೈದ್ಯರು ಹಿಂಜರಿದರು. ಬಹುಕಾಲ ಅದು ತೋಟದ ಅಲಂಕಾರವಾಗಿಯೇ ಉಳಿಯಿತು.

ನೇಪಲ್ಸ್‌ನಲ್ಲಿ ಆಂಟೋನಿಯೊ ಲಾತೀನಿ ಎಂಬ ಪಾಕಪ್ರವೀಣ 1690ರ ದಶಕದಲ್ಲಿ ತನ್ನ ಅಡುಗೆ ಪುಸ್ತಕ ಪ್ರಕಟಿಸಿದ. ಅದರಲ್ಲಿನ ಒಂದು ಪಾಕ ಹೀಗಿದೆ: ಮಾಗಿದ ಟೊಮೆಟೊಗಳನ್ನು ಕೆಂಡದ ಮೇಲೆ ಸುಡಬೇಕು, ಸಿಪ್ಪೆ ಸುಲಿದು ಸಣ್ಣಗೆ ಹೆಚ್ಚಬೇಕು, ಈರುಳ್ಳಿ, ಮೆಣಸಿನಕಾಯಿ, ಉಪ್ಪು, ಎಣ್ಣೆ, ವಿನಿಗರ್ ಬೆರೆಸಬೇಕು. ನಮ್ಮ ಹಳ್ಳಿಮನೆಗಳಲ್ಲಿ ಮುದ್ದೆಗೆ ನಂಚಿಕೊಳ್ಳುವ ಸುಟ್ಟ ಟೊಮೆಟೊ ಗೊಜ್ಜಿಗೂ ಇದಕ್ಕೂ ಎಷ್ಟು ವ್ಯತ್ಯಾಸ? ನಾವು ಬೆಳ್ಳುಳ್ಳಿ, ಕೊತ್ತಂಬರಿ ಸೇರಿಸಿ ಒರಳಲ್ಲಿ ಕುಟ್ಟುತ್ತೇವೆ, ಅಷ್ಟೇ. ಇಂದು ಇಟಲಿಯ ಗುರುತೇ ಆಗಿರುವ ಟೊಮೆಟೊ ಹಾಕಿದ ಶ್ಯಾವಿಗೆಯ ಪಾಕ ಪುಸ್ತಕದಲ್ಲಿ ಅಚ್ಚಾದದ್ದು ಇನ್ನೂ ತಡವಾಗಿ, 1839ರಲ್ಲಿ, ಕವಾಲ್ಕಾಂತಿ ಎಂಬಾತನಿಂದ. ಅಂದರೆ ಇಟಲಿಯವರಿಗೂ ಈ ಹಣ್ಣನ್ನು ನೆಚ್ಚಿಕೊಳ್ಳಲು ಸುಮಾರು 300 ವರ್ಷ ಹಿಡಿಯಿತು.

ನಮ್ಮಲ್ಲೂ ಹಾಗೆಯೇ ಆಯಿತು. 19ನೇ ಶತಮಾನದ ಕೊನೆಗೆ ಜಾರ್ಜ್ ವಾಟ್ ಭಾರತದ ಬೆಳೆಗಳ ಕೋಶ ಬರೆದಾಗ, ಟೊಮೆಟೊವನ್ನು ಇಲ್ಲಿ ಮುಖ್ಯವಾಗಿ ಯುರೋಪಿಯನ್ನರಿಗಾಗಿ ಬೆಳೆಯುತ್ತಾರೆ ಎಂದ. ಹುಳಿ ಅಡುಗೆಗೆ ಬಂಗಾಳಿಗಳೂ ಬರ್ಮಾದವರೂ ಬಳಸುತ್ತಾರೆ ಎಂದೂ ಸೇರಿಸಿದ. ನಮ್ಮ ಬಯಲುಸೀಮೆಗೆ ಹುಳಿಯ ಕೊರತೆ ಎಂದೂ ಇರಲಿಲ್ಲ. ಹುಣಸೆಮರ ಹೊಲದ ಬದುವಿನಲ್ಲೇ ಇತ್ತು, ಉಪ್ಪು ಹಾಕಿಟ್ಟ ಹುಣಸೆಹಣ್ಣು ವರ್ಷವಿಡೀ ಗಡಿಗೆಯಲ್ಲಿ ಕೆಡದೆ ಇರುತ್ತಿತ್ತು. ಶ್ರಾದ್ಧದ ಅಡುಗೆಗೆ ಟೊಮೆಟೊ ಸೇರಿಸದ ಮನೆಗಳು ಈಗಲೂ ಇವೆ. ಆದರೂ ಅದು ಒಳಗೆ ಬಂತು, ಹುಣಸೆಯನ್ನು ಓಡಿಸದೆ ಅದರ ಪಕ್ಕದಲ್ಲೇ ಕೂತಿತು. ಹುಣಸೆ ಬರೀ ಹುಳಿ ಕೊಡುತ್ತದೆ. ಟೊಮೆಟೊ ಹುಳಿಯ ಜೊತೆಗೆ ಸಾರಿಗೆ ಬಣ್ಣವನ್ನೂ ಮಂದವನ್ನೂ ಕೊಡುತ್ತದೆ.

ಟೊಮೆಟೊ ತಿನ್ನುವುದನ್ನು ಕಲಿತೆವು, ಕೂಡಿಡುವುದನ್ನು ಕಲಿಯಲಿಲ್ಲ. ಅದರ ತೂಕದಲ್ಲಿ ನೂರಕ್ಕೆ 94 ಪಾಲು ನೀರು. ಹಣ್ಣಾದ ಮೇಲೆ ವಾರ ತಾಳುವುದು ಕಷ್ಟ. ಇಟಲಿಯವರು ಇದಕ್ಕೆ ದಾರಿ ಹುಡುಕಿಕೊಂಡರು. ಸಿಸಿಲಿಯ ಹೆಂಗಸರು ಸೋಸಿದ ತಿರುಳಿಗೆ ಉಪ್ಪು ಬೆರೆಸಿ, ಮರದ ಹಲಗೆಗಳ ಮೇಲೆ ಹರಡಿ, ಬಿಸಿಲಲ್ಲಿ ಆಗಾಗ ಕೈಯಾಡಿಸುತ್ತ ಗಟ್ಟಿ ಮಾಡುತ್ತಾರೆ. 1856ರಲ್ಲಿ ಟೂರಿನ್ ನಗರದಲ್ಲಿ ಫ್ರಾನ್ಚೆಸ್ಕೊ ಚಿರಿಯೊ ಬಟಾಣಿಯನ್ನು ಡಬ್ಬಿಗೆ ತುಂಬತೊಡಗಿದ. ಮುಂದೆ ಟೊಮೆಟೊವೂ ಡಬ್ಬಿ ಸೇರಿ ಜಗತ್ತಿಗೆಲ್ಲ ಹೋಯಿತು.

ನಮ್ಮಲ್ಲಿ 2023ರ ಜುಲೈಯಲ್ಲಿ ಕೆ.ಜಿ.ಗೆ 100 ರೂಪಾಯಿ ದಾಟಿದ ಹಣ್ಣು ಇದೇ. ಬೆಲೆ ಬಿದ್ದಾಗ ಕೊಯ್ದ ಕೂಲಿಯೂ ಹುಟ್ಟದೆ ರೈತ ರಸ್ತೆಬದಿಗೆ ಸುರಿದು ಹೋಗುವ ಹಣ್ಣೂ ಇದೇ. ದುರ್ಗದ ಬಿಸಿಲು ಸಿಸಿಲಿಯ ಬಿಸಿಲಿಗೆ ಕಡಿಮೆಯೇನಲ್ಲ. ಸಂಡಿಗೆ, ಹಪ್ಪಳ, ಬಾಳಕದ ಮೆಣಸಿನಕಾಯಿ ಒಣಗಿಸಿ ಪಳಗಿದ ಕೈಗಳು ಮನೆಮನೆಯಲ್ಲಿವೆ.

ಆದ್ದರಿಂದ ತಾಯಂದಿರಲ್ಲಿ, ಸ್ತ್ರೀಶಕ್ತಿ ಸಂಘದ ಅಕ್ಕಂದಿರಲ್ಲಿ ನನ್ನ ಮನವಿ ಇಷ್ಟು. ಬೆಲೆ ಇಳಿದ ವಾರ ಸಂತೆಯಲ್ಲಿ ನಾಲ್ಕು ಕೆ.ಜಿ. ಹೆಚ್ಚಿಗೆ ಕೊಳ್ಳಿ. ರಸ ಕಡಿಮೆಯಿರುವ ಗಟ್ಟಿ ಹಣ್ಣು ಆರಿಸಿ, ಸೀಳಿ, ಉಪ್ಪು ಉದುರಿಸಿ, ತೆಳುಬಟ್ಟೆ ಮುಚ್ಚಿ ಬಿಸಿಲಿಗಿಡಿ, ಸಂಜೆ ಒಳಗೆ ತನ್ನಿ. ಪಸೆ ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿಡಿ. ನಿಮ್ಮ ಸಾರಿಗೂ ಅನುಕೂಲ, ಬೆಳೆದವನ ಕೈಗೂ ನಾಲ್ಕು ಕಾಸು.